ಒಂದು ಲೋಡು, ಮೂರು ಲೆಕ್ಕ: ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಒಂದರ ಪ್ರಕರಣ ಅಧ್ಯಯನ

ಜನವರಿ ತಿಂಗಳ ಒಂದು ಮಧ್ಯಾಹ್ನ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ತೋಟದ ಕಾಫಿಯ ಹೊಟ್ಟು ತೆಗೆದು ಗ್ರೇಡ್ ಮಾಡುವ ಕಾರ್ಖಾನೆಯ, ಕೌಂಟರಿನ ಮುಂದೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಬಂದು ನಿಂತರು. ವಯಸ್ಸಾದವರು. ಒಂದು ಕೈಯಲ್ಲಿ ತೂಕದ ಚೀಟಿ, ಇನ್ನೊಂದು ಕೈಯಲ್ಲಿ ಮೊಬೈಲ್. ಚೀಟಿಯಲ್ಲಿ 120 ಚೀಲ ಅಂತ ಅಚ್ಚಾಗಿತ್ತು. ಮೊಬೈಲಿಗೆ ಬಂದ ಮೆಸೇಜಿನಲ್ಲಿ 100 ಚೀಲ ಅಂತಿತ್ತು.

“ನನ್ನ ಇಪ್ಪತ್ತು ಮೂಟೆ ಎಲ್ಲಿ ಹೋಯ್ತಪ್ಪಾ?” ಅಂತ ಕೇಳಿದರು. ಕೂಗಾಡಲಿಲ್ಲ. ಎರಡನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು ಸುಮ್ಮನೆ ನಿಂತರು.

ಆ ಮೆಸೇಜ್ ಕಳಿಸಿದ್ದು ನಾವು ಬರೆದ ಪ್ರೋಗ್ರಾಮ್. ಊರಿನಲ್ಲೇ ಇಬ್ಬರು ಸೇರಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇವೆ. ಆ ವರ್ಕ್ಸ್‌ನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಟ್ಟು ಹತ್ತೇ ದಿನ ಆಗಿತ್ತು. ನಾನು ಅವತ್ತು ಅಲ್ಲೇ ಇದ್ದೆ. ಚೀಟಿಯಲ್ಲಿದ್ದ ತೂಕ ನೋಡಿದೆ: 6,000 ಕಿಲೋ. 50 ಕಿಲೋದ ಲೆಕ್ಕದಲ್ಲಿ ಭಾಗಿಸಿದರೆ 120. 60 ಕಿಲೋದ ಲೆಕ್ಕದಲ್ಲಿ 100. ಎರಡೂ ಸರಿ. ನಮ್ಮ ಕಡೆ ಕಾಫಿ ಧಾರಣೆ ಹೇಳುವುದೇ 50 ಕಿಲೋ ಚೀಲಕ್ಕೆ. ರಫ್ತಿನವರು ಎಣಿಸುವುದು 60 ಕಿಲೋ ಚೀಲ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಅಂಕಿಅಂಶಗಳೂ 60 ಕಿಲೋ ಚೀಲದಲ್ಲೇ ಇರುತ್ತವೆ.

ಅಷ್ಟರಲ್ಲಿ ಗೇಟಿನ ತೂಕದವರು ತಮ್ಮ ನೋಟ್‌ಬುಕ್ ಹಿಡಿದು ಬಂದರು. ಲಾರಿಯಿಂದ ಇಳಿದ ಗೋಣಿಗಳನ್ನು ಅವರು ಕೈಯಾರೆ ಎಣಿಸಿ ಬರೆದಿದ್ದರು: 117. ತೋಟದಲ್ಲಿ ಒಂದು ಗೋಣಿಗೆ ಸ್ವಲ್ಪ ಜಾಸ್ತಿ, ಒಂದಕ್ಕೆ ಸ್ವಲ್ಪ ಕಮ್ಮಿ ತುಂಬಿದ್ದರು, ಅಷ್ಟೇ. ಈಗ ಒಂದೇ ಲೋಡಿಗೆ ಮೂರು ಸಂಖ್ಯೆ. ಮೂರಕ್ಕೂ ಹೆಸರು ‘ಚೀಲ’.

ಬೆಳೆಗಾರರಿಗೆ ಕಿಲೋ ಲೆಕ್ಕ ಹಾಕಿ ತೋರಿಸಿದೆವು, ಒಪ್ಪಿಕೊಂಡು ಹೋದರು. ನಮಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಬಂದು ಕೇಳಿದರು. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರು ಎಷ್ಟು ಜನವೋ.

ಮೊದಲು ಹೇಗಿತ್ತು

ಆ ವರ್ಕ್ಸ್‌ನಲ್ಲಿ ನಾಲ್ಕು ಕಡೆ ನಾಲ್ಕು ಸಾಫ್ಟ್‌ವೇರ್ ಇದ್ದವು. ಗೇಟಿನ ಕ್ಯಾಬಿನ್ನಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಕಂಪ್ಯೂಟರ್. ಗೋಡೌನಿನ ಆಫೀಸಿನಲ್ಲಿ ಸ್ಟಾಕ್ ನೋಡಿಕೊಳ್ಳಲು ಫಾಕ್ಸ್‌ಪ್ರೋದಲ್ಲಿ ಬರೆದ ಹಳೆಯ ಪ್ರೋಗ್ರಾಮ್. ಲ್ಯಾಬಿನಲ್ಲಿ ತೇವಾಂಶ, ಔಟ್‌ಟರ್ನ್ (ಬಂದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ) ಬರೆದಿಡುವ ಎಕ್ಸೆಲ್ ಹಾಳೆ. ಲೆಕ್ಕಪತ್ರಕ್ಕೆ ಟ್ಯಾಲಿ. ಇದರ ಮೇಲೆ ಮಂಗಳೂರಿನ ರಫ್ತು ಆಫೀಸಿನ ಸಾಫ್ಟ್‌ವೇರ್ ಬೇರೆ. ಅದಕ್ಕೆ ದಿನಾ ಸಂಜೆ ಈಮೇಲಿನಲ್ಲಿ ಫೈಲ್ ಹೋಗಬೇಕಿತ್ತು.

ಇವುಗಳ ನಡುವೆ ಓಡಾಡುತ್ತಿದ್ದವರು ಒಬ್ಬ ಗುಮಾಸ್ತರು. ಒಂದು ಲೋಡಿನ ವಿವರವನ್ನು ನಾಲ್ಕು ಸಲ ಟೈಪ್ ಮಾಡುತ್ತಿದ್ದರು. ಸೀಸನ್ನಿನಲ್ಲಿ ರಾತ್ರಿ ಹತ್ತರವರೆಗೂ ಲಾರಿ ಬರುತ್ತವೆ. ಕಣ್ಣು ಉರಿಯುವವರೆಗೆ ಕೂತು ಟೈಪ್ ಮಾಡಿ ಅವರು ಬಳಲಿದ್ದರು. ಹಾಗಾಗಿಯೇ ನಮ್ಮನ್ನು ಕರೆಸಿದ್ದು.

ಜೋಡಿಸುವುದು ಅಂಥ ಕಷ್ಟದ ಕೆಲಸವಾಗಿರಲಿಲ್ಲ. ವೇಬ್ರಿಡ್ಜ್ ಪ್ರೋಗ್ರಾಮ್ ಪ್ರತಿ ತೂಕಕ್ಕೂ ಒಂದು ಸಾಲು ಬರೆದಿಡುತ್ತದೆ, ಅದನ್ನು ಓದಿದರಾಯಿತು. ಟ್ಯಾಲಿ ಎಕ್ಸ್‌ಎಂಎಲ್ ಅನ್ನುವ ಫೈಲ್ ರೂಪದಲ್ಲಿ ವೋಚರ್, ಅಂದರೆ ಒಂದೊಂದು ವ್ಯವಹಾರದ ಲೆಕ್ಕ, ತೆಗೆದುಕೊಳ್ಳುತ್ತದೆ. ಮಾಮೂಲಾಗಿ 9000 ಅನ್ನುವ ಪೋರ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಒಂದು ಬಾಗಿಲಿನಲ್ಲಿ, ಕಾದಿರುತ್ತದೆ, ಕಳಿಸಿದರೆ ಒಳಗೆ ಸೇರಿಸಿಕೊಳ್ಳುತ್ತದೆ. ಎರಡು ವಾರದಲ್ಲಿ ಎಲ್ಲ ಓಡತೊಡಗಿತು. ಟೈಪ್ ಮಾಡುವ ಕೆಲಸ ನಿಂತಿತು. ನಾವೂ ಖುಷಿಪಟ್ಟೆವು.

ಹಾಗಾದರೆ 120, 100ರ ಗೊಂದಲ ಹಿಂದೆ ಯಾಕೆ ಆಗುತ್ತಿರಲಿಲ್ಲ? ಮಾರನೇ ದಿನ ಗುಮಾಸ್ತರನ್ನೇ ಕೇಳಿದೆ. “ಮಂಗಳೂರಿಗೆ ಕಳಿಸೋವಾಗ ನಾನೇ ಅರವತ್ತರಲ್ಲಿ ಭಾಗಿಸಿ ಹಾಕ್ತಿದ್ದೆ ಸಾರ್. ಪಾರ್ಟಿಗೆ ಹೇಳೋವಾಗ ಐವತ್ತರದ್ದು ಹೇಳ್ತಿದ್ದೆ” ಅಂದರು. ಇದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಟೈಪ್ ಮಾಡುತ್ತಾ ಮಾಡುತ್ತಾ ಅವರು ಒಂದು ವಿಭಾಗದ ಮಾತನ್ನು ಇನ್ನೊಂದು ವಿಭಾಗದ ಮಾತಿಗೆ ತಿರುಗಿಸುತ್ತಿದ್ದರು. ನಾವು ಟೈಪಿಂಗ್ ತೆಗೆದಾಗ ಆ ತಿಳಿವಳಿಕೆಯೂ ಜೊತೆಗೇ ಹೋಯಿತು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಇದೇ.

ಮ್ಯಾನೇಜರ್‌ಗೆ ವಿಷಯ ಬಿಡಿಸಿ ಹೇಳಿದೆವು. ಸೀಸನ್ನಿನ ನಡುವೆ ಜೋಡಣೆ ನಿಲ್ಲಿಸಿ ಮತ್ತೆ ಕೈಟೈಪಿಂಗಿಗೆ ಹೋಗಬೇಕು ಅಂದರೆ ಯಾರಿಗೆ ತಾನೇ ಇಷ್ಟವಾಗುತ್ತದೆ? ಆದರೂ ಅವರು ಒಪ್ಪಿದರು. “ಲೇಟಾದ್ರೂ ಪರವಾಗಿಲ್ಲ, ಬೆಳೆಗಾರರ ಹತ್ರ ಮಾತು ಕೆಡಬಾರದು” ಅಂದರು. ಅವರ ಆ ತೀರ್ಮಾನ ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಒಂದು ಹಾಳೆ, ಎಂಟು ಮಾತು

ಗೋಡೌನ್ ಆಫೀಸಿನ ಮೇಜಿನ ಮೇಲೆ ದೊಡ್ಡ ಚಾರ್ಟ್ ಹಾಳೆ ಹರಡಿದೆವು. ಎಡಗಡೆ ಒಂದೊಂದೇ ಮಾತು: ಚೀಲ, ತೂಕ, ಲಾಟ್ (ಒಟ್ಟಿಗೆ ಬಂದ ಸರಕು), ಬೆಳೆಗಾರ, ದಿನಾಂಕ, ಪಾರ್ಚ್‌ಮೆಂಟ್, ಔಟ್‌ಟರ್ನ್, ತೋಟ. ಬಲಗಡೆ ಪ್ರತಿ ವಿಭಾಗಕ್ಕೂ ಒಂದೊಂದು ಕಾಲಂ. “ಈ ಮಾತು ಅಂದರೆ ನಿಮಗೆ ಏನು?” ಅಂತ ಒಬ್ಬೊಬ್ಬರನ್ನೂ ಕೇಳಿದೆವು. ಸಂಜೆ ಐದರಿಂದ ಏಳು, ನಾಲ್ಕು ದಿನ. ಗೇಟಿನವರು, ಲ್ಯಾಬಿನ ಮೇಡಂ, ಅಕೌಂಟೆಂಟ್, ಗುಮಾಸ್ತರು, ನಾವಿಬ್ಬರು. ಮಂಗಳೂರಿನವರು ಫೋನಿನಲ್ಲಿ.

‘ಪಾರ್ಚ್‌ಮೆಂಟ್’ ಅನ್ನುವ ಮಾತಿನಲ್ಲೇ ಒಂದು ಸಂಜೆ ಕಳೆಯಿತು. ಕಾಫಿ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಹಣ್ಣು ಕುಯ್ದು, ಪಲ್ಪರ್‌ನಲ್ಲಿ ಮೇಲಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಬೀಜದ ಮೇಲೆ ಒಂದು ತೆಳು ಹೊಟ್ಟು ಉಳಿಯುತ್ತದೆ. ಅದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಅದು ಚೆರಿ. ತೋಟದಿಂದ ವರ್ಕ್ಸ್‌ಗೆ ಬರುವುದು ಈ ಎರಡು ರೂಪದಲ್ಲಿ. ಅರೇಬಿಕಾ, ರೋಬಸ್ಟಾ ಸೇರಿಸಿದರೆ ಒಟ್ಟು ನಾಲ್ಕು ಬಗೆ. ವರ್ಕ್ಸ್‌ನಲ್ಲಿ ಹೊಟ್ಟು ತೆಗೆದು, ಜರಡಿ ಹಿಡಿದು, ಗ್ರೇಡ್ ಮಾಡುತ್ತಾರೆ.

ಗಂಟು ಇಲ್ಲಿದೆ. ಕ್ಯೂರಿಂಗ್ ಆದ ಮೇಲೆ ಅರೇಬಿಕಾ ಪಾರ್ಚ್‌ಮೆಂಟ್‌ನ ಹೆಸರು ಬದಲಾಗುತ್ತದೆ. ‘ಪ್ಲಾಂಟೇಶನ್’ ಆಗುತ್ತದೆ: ಪ್ಲಾಂಟೇಶನ್ ಎ, ಬಿ, ಸಿ ಹೀಗೆ. 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತರೆ ಎ, 6 ಮಿಲಿಮೀಟರಿನದರ ಮೇಲೆ ನಿಂತರೆ ಬಿ. ಆದರೆ ರೋಬಸ್ಟಾ ಪಾರ್ಚ್‌ಮೆಂಟ್ ಹೊಟ್ಟು ಕಳಚಿದ ಮೇಲೂ ‘ರೋಬಸ್ಟಾ ಪಾರ್ಚ್‌ಮೆಂಟ್’ ಆಗಿಯೇ ಉಳಿಯುತ್ತದೆ! ಪಾರ್ಚ್‌ಮೆಂಟ್ ಎಬಿ ಅಂತ ಗ್ರೇಡ್ ಬೀಳುತ್ತದೆ, ಅಷ್ಟೇ. ಮೈಮೇಲೆ ಪಾರ್ಚ್‌ಮೆಂಟ್ ಇಲ್ಲದ ಬೀಜಕ್ಕೆ ಪಾರ್ಚ್‌ಮೆಂಟ್ ಅಂತ ಹೆಸರು. ವ್ಯಾಪಾರದಲ್ಲಿ ಇದು ಹಳೆಯ ರೂಢಿ, ಯಾರಿಗೂ ತೊಡಕಿಲ್ಲ. ಗೇಟಿನವರು ಹೇಳಿದರೆ ಹೊಟ್ಟಿನ ಸಮೇತದ್ದು, ಮಂಗಳೂರಿನವರು ಹೇಳಿದರೆ ಹೊಟ್ಟು ತೆಗೆದದ್ದು. ಮನುಷ್ಯರಿಗೆ ಮಾತಾಡುವವರು ಯಾರು ಅನ್ನುವುದರಿಂದಲೇ ಅರ್ಥ ಆಗುತ್ತದೆ. ಕಂಪ್ಯೂಟರಿಗೆ ಆಗುವುದಿಲ್ಲ.

ಹೊಟ್ಟು ತೆಗೆದಾಗ ತೂಕ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ. ನಮ್ಮ ಪ್ರೋಗ್ರಾಮ್ ಎರಡನ್ನೂ ಒಂದೇ ಅಂದುಕೊಂಡು ಸ್ಟಾಕ್ ಕೂಡಿಸಿತ್ತು. ಮಂಗಳೂರಿನ ಪರದೆಯಲ್ಲಿ ಗೋಡೌನಿನಲ್ಲಿ ಇಲ್ಲದ ಕಾಫಿ ಕಾಣಿಸುತ್ತಿತ್ತು. ಹಾಳೆಯಲ್ಲಿ ಪಕ್ಕಪಕ್ಕದ ಎರಡು ಕಾಲಂನಲ್ಲಿ ಒಂದೇ ಹೆಸರಿಗೆ ಎರಡು ಅರ್ಥ ಬಿದ್ದದ್ದನ್ನು ನೋಡಿದಾಗ ಗುಟ್ಟು ಗೊತ್ತಾಯಿತು. ಹೆಸರು ಬದಲಿಸಲು ನಾವು ಹೋಗಲಿಲ್ಲ. ಜನ ಆಡುವ ಮಾತನ್ನು ಸಾಫ್ಟ್‌ವೇರಿಗೋಸ್ಕರ ತಿದ್ದಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಒಳಗೆ ಇನ್ನೊಂದು ಕಾಲಂ ಸೇರಿಸಿದೆವು: ‘ಕ್ಯೂರಿಂಗ್‌ಗೆ ಮುಂಚೆ’ ಅಥವಾ ‘ಕ್ಯೂರಿಂಗ್ ಆದದ್ದು’. ಆ ಕಾಲಂ ಖಾಲಿ ಇದ್ದರೆ ಆ ಸಾಲು ಮುಂದೆ ಹೋಗುವುದೇ ಇಲ್ಲ.

‘ಬೆಳೆಗಾರ’ ಇದಕ್ಕಿಂತ ನಾಜೂಕಾದ ಮಾತು. ಗೇಟಿನಲ್ಲಿ ಬೆಳೆಗಾರ ಅಂದರೆ ಲಾರಿ ಕಳಿಸಿದ ತೋಟ. ಲೆಕ್ಕದಲ್ಲಿ ಬೆಳೆಗಾರ ಅಂದರೆ ದುಡ್ಡು ಹೋಗುವ ಬ್ಯಾಂಕ್ ಖಾತೆ. ಒಂದು ಮನೆಯ ಅಣ್ಣತಮ್ಮಂದಿರು ಮೂವರಿಗೆ ಮೂರು ತೋಟ, ಖಾತೆ ಮಾತ್ರ ದೊಡ್ಡವರ ಹೆಸರಲ್ಲಿ. ಇನ್ನೊಂದು ಕಡೆ ಒಂದೇ ತೋಟ, ಅರ್ಧ ದುಡ್ಡು ಅಮ್ಮನಿಗೆ, ಅರ್ಧ ಮಗನಿಗೆ. ಆದ್ದರಿಂದ ತೋಟ, ಮಾಲೀಕರು, ಖಾತೆ ಅಂತ ಮೂರನ್ನೂ ಬೇರೆ ಮಾಡಿ, ಒಂದಕ್ಕೊಂದು ಗಂಟು ಹಾಕಿದೆವು.

ಹೆಸರು ಹೊಂದಿಸುವಾಗ ಕನ್ನಡದ್ದೇ ಒಂದು ಕಷ್ಟ ಎದುರಾಯಿತು. ಸ್ಟಾಕ್ ಪ್ರೋಗ್ರಾಮಿನಲ್ಲಿ ಹೆಸರುಗಳು ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ, ಬರುವ ಮುಂಚಿನ ರೀತಿಯಲ್ಲಿದ್ದವು. ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚಂದದ ಕನ್ನಡ, ಹೊರಗೆ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ, ಬದಲಿಸಿದೆವು. ಆದರೂ ಕೆಲವು ಹೆಸರು ಹೊಂದಲಿಲ್ಲ. ‘ಗೋಪಾಲ’ ಅನ್ನುವ ಹೆಸರನ್ನು ಎರಡು ಪಟ್ಟಿಯಿಂದ ತೆಗೆದು ಮೇಲೆ ಕೆಳಗೆ ಇಟ್ಟು ನೋಡಿದೆ. ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಕಂಪ್ಯೂಟರ್ ಮಾತ್ರ ‘ಬೇರೆ ಬೇರೆ’ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಒಂದರಲ್ಲಿ ‘ಗ’ದ ಪಕ್ಕ ಓತ್ವ ಒಂದೇ ಗುರುತಾಗಿ ಕೂತಿತ್ತು. ಇನ್ನೊಂದರಲ್ಲಿ ಅದೇ ಓತ್ವ ಎತ್ವ, ಕೊಂಬಿನ ದೀರ್ಘ, ಮೇಲೆ ಇನ್ನೊಂದು ದೀರ್ಘ ಅಂತ ಮೂರು ತುಂಡಾಗಿತ್ತು. ಯೂನಿಕೋಡ್ ಪ್ರಕಾರ ಎರಡೂ ಒಂದೇ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ಸಿದ್ಧ ವಿಧಾನ ಇದೆ. ಕನ್ನಡದ ಹೆಸರು, ಊರು ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ದಯವಿಟ್ಟು ಮರೆಯಬೇಡಿ.

ಕೊನೆಗೆ ಹೆಸರಿನಿಂದ ಹೊಂದಿಸುವುದನ್ನೇ ಬಿಟ್ಟೆವು. ಪ್ರತಿ ತೋಟಕ್ಕೂ ಒಂದು ನಂಬರ್. ಹೆಸರು ಓದಲಿಕ್ಕೆ, ನಂಬರ್ ಗುರುತಿಗೆ. ಅಲ್ಲೂ ಒಂದು ಏಟು ಬಿತ್ತು. 0047 ಅಂತ ಕೊಟ್ಟ ನಂಬರ್ ಎಕ್ಸೆಲ್ ಒಳಗೆ ಹೋಗಿ 47 ಆಗಿ ಬಂತು. ಬ್ಯಾಂಕ್ ಖಾತೆ ನಂಬರಿನದು ಇನ್ನೂ ಅಪಾಯ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಸರಿಯಾಗಿ ಉಳಿಯುತ್ತವೆ. 16 ಅಂಕಿಯ ಖಾತೆ ನಂಬರ್ ಹಾಕಿದರೆ ಕೊನೆಯದು ಸೊನ್ನೆ ಆಗಿಬಿಡುತ್ತದೆ. ದುಡ್ಡು ಹೋಗುವ ಮುಂಚೆ ಅಕೌಂಟೆಂಟ್ ಕಣ್ಣಿಗೆ ಬಿತ್ತು, ಬಚಾವಾದೆವು. ಕೂಡಿ ಕಳೆಯದ ಯಾವ ನಂಬರೂ ಸಂಖ್ಯೆ ಅಲ್ಲ, ಅಕ್ಷರ ಅಂತಲೇ ಇಡಬೇಕು ಅಂತ ಹಾಳೆಯ ಮೂಲೆಯಲ್ಲಿ ಬರೆದೆವು.

ಔಟ್‌ಟರ್ನ್ ಒಂದನ್ನು ಬಿಟ್ಟರೆ ಉಳಿದ ಮಾತುಗಳು ಬೇಗ ಮುಗಿದವು. ದಿನಾಂಕ ಅಂದರೆ ಲಾರಿ ತೂಗಿದ ದಿನ, ಕಂಪ್ಯೂಟರಿಗೆ ಹಾಕಿದ ದಿನ ಅಲ್ಲ. ತೂಕ ಅಂದರೆ ಗೋಣಿ ಕಳೆದ ತೂಕ.

ಯಾವುದಕ್ಕೆ ಯಾರು ಯಜಮಾನರು

ಮಾತು ಕೂಡಿದ ಮೇಲೆ ಪ್ರೋಗ್ರಾಮ್ ತಿದ್ದಲು ಆರು ದಿನ ಸಾಕಾಯಿತು. ನಡುವೆ ಒಂದು ಚಿಕ್ಕ ಪ್ರೋಗ್ರಾಮ್ ಇಟ್ಟೆವು. ಯಾವ ಸಾಫ್ಟ್‌ವೇರೂ ಇನ್ನೊಂದರ ಜೊತೆ ನೇರವಾಗಿ ಮಾತಾಡುವುದಿಲ್ಲ, ಎಲ್ಲ ಇದರ ಮೂಲಕ. ಐದು ಸಾಫ್ಟ್‌ವೇರನ್ನು ಒಂದೊಂದಕ್ಕೂ ನೇರ ಜೋಡಿಸಿದರೆ ಹತ್ತು ದಾರಿ ಆಗುತ್ತವೆ. ನಡುವೆ ಒಂದಿದ್ದರೆ ಐದೇ ದಾರಿ.

ಇದರೊಳಗೆ ತೂಕ ಓಡಾಡುವುದು ಕಿಲೋದಲ್ಲಿ ಮಾತ್ರ. ಚೀಲದ ಲೆಕ್ಕವನ್ನು ಯಾರಿಗೆ ಹೇಗೆ ಬೇಕೋ ಹಾಗೆ ಕೊನೆಯಲ್ಲಿ ಮಾಡಿ ತೋರಿಸುತ್ತದೆ, ಜೊತೆಗೆ ‘50 ಕಿಲೋ ಚೀಲ’ ಅಂತ ಬರೆದೇ ತೋರಿಸುತ್ತದೆ. ಗೋಣಿಯ ಎಣಿಕೆ ಬೇರೆ ಕಾಲಂ. ಸರಕು ಸಾಗಿಸುವಾಗ ಬೇಕಾಗುವ ಜಿಎಸ್‌ಟಿಯ ಇ-ವೇ ಬಿಲ್ಲಿನಲ್ಲೂ ಕಿಲೋಗೆ, ಚೀಲಕ್ಕೆ, ಕ್ವಿಂಟಾಲಿಗೆ ಬೇರೆ ಬೇರೆ ಸಂಕೇತ ಇವೆ. ಅಲ್ಲಿಗೂ ಕಿಲೋ ಸಂಕೇತವನ್ನೇ ಕಳಿಸುತ್ತೇವೆ.

ಪ್ರತಿ ವಿಷಯಕ್ಕೂ ಒಬ್ಬರೇ ಯಜಮಾನರು. ತೂಕ ಗೇಟಿನದು, ತೇವಾಂಶ ಲ್ಯಾಬಿನದು, ಖಾತೆ ನಂಬರ್ ಅಕೌಂಟೆಂಟ್‌ದು. ಬೇರೆಯವರು ನೋಡಬಹುದು, ತಿದ್ದುವ ಹಾಗಿಲ್ಲ. ತಪ್ಪು ಕಂಡರೆ ಯಜಮಾನರಿಗೇ ಫೋನ್ ಮಾಡಬೇಕು. ಲಾಟ್ ನಂಬರ್ ಹುಟ್ಟುವುದು ಗೇಟಿನಲ್ಲಿ ಮಾತ್ರ. ಇದರಿಂದ ಇನ್ನೊಂದು ಉಪಕಾರ ಆಯಿತು. ನಮ್ಮಲ್ಲಿ ಕರೆಂಟು, ನೆಟ್ಟು ಆಗಾಗ ಕೈಕೊಡುತ್ತವೆ. ಕಳಿಸಿದ್ದು ಹೋಯಿತೋ ಇಲ್ಲವೋ ಗೊತ್ತಾಗದೆ ಪ್ರೋಗ್ರಾಮ್ ಇನ್ನೊಂದು ಸಲ ಕಳಿಸುತ್ತದೆ. ಮೊದಲು ಹೀಗಾದಾಗ ಒಂದೇ ಲೋಡು ಎರಡು ಸಲ ಲೆಕ್ಕಕ್ಕೆ ಬೀಳುತ್ತಿತ್ತು. ಈಗ ಅದೇ ಲಾಟ್ ನಂಬರ್ ಎರಡನೇ ಸಲ ಬಂದರೆ ಹಳೆಯದರ ಜಾಗದಲ್ಲೇ ಕೂರುತ್ತದೆ.

ಗೇಟಿನವರ ನೋಟ್‌ಬುಕ್ ವಿಷಯ ಹೇಳಲೇಬೇಕು. ಅದನ್ನು ನಿಲ್ಲಿಸಿಬಿಡಿ ಅಂತ ಶುರುವಿನಲ್ಲಿ ಹೇಳಿದ್ದವನು ನಾನೇ. ಆಮೇಲೆ ತೆರೆದು ನೋಡಿದೆ. ‘ಟಾರ್ಪಾಲ್ ಒದ್ದೆ, ಕೆಳಗಿನ 8 ಗೋಣಿ ಬೇರೆ ಇಟ್ಟಿದೆ.’ ‘ರೈಟರ್ ಬಂದಿಲ್ಲ, ಡ್ರೈವರ್ ಸಹಿ.’ ಇಂಥ ಸಾಲುಗಳು. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವರು. ಲ್ಯಾಬಿನಲ್ಲಿ ತೇವಾಂಶ ಯಾಕೆ ಏರುಪೇರಾಯಿತು ಅನ್ನುವುದಕ್ಕೆ ಉತ್ತರ ಅಲ್ಲಿತ್ತು. ಆ ವರ್ಕ್ಸ್‌ನ ಎಲ್ಲ ದಾಖಲೆಗಳಲ್ಲಿ ಅತ್ಯಂತ ನಂಬಿಕಸ್ತ ದಾಖಲೆ ಅದೇ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ತೂಕದ ಪರದೆಯಲ್ಲಿ ‘ಷರಾ’ ಅಂತ ಒಂದು ಖಾನೆ ಮಾಡಿ, ಕನ್ನಡದಲ್ಲಿ ಬರೆಯಲು ಅನುಕೂಲ ಮಾಡಿಕೊಟ್ಟೆವು. ಲಾಟ್ ಎಲ್ಲಿಗೆ ಹೋದರೂ ಆ ಷರಾ ಜೊತೆಗೆ ಹೋಗುತ್ತದೆ. ನೋಟ್‌ಬುಕ್ಕೂ ನಡೆಯುತ್ತಿದೆ.

ಹಿಮದ ಕಡಲಿನಲ್ಲಿ ಕಾಫಿ ತೋಟ

ಮಾರ್ಚಿನಲ್ಲಿ ಮಂಗಳೂರಿನಿಂದ ಹೊಸ ಬೇಡಿಕೆ ಬಂತು: ಪ್ರತಿ ಲಾಟಿನ ಜೊತೆ ತೋಟ ಎಲ್ಲಿದೆ ಅನ್ನುವುದೂ ಬೇಕು. ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯುವ ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಕಾನೂನು ಅನ್ವಯವಾಗುವ ದಿನ ಮುಂದಕ್ಕೆ ಹೋಗಿದ್ದರೂ ಕೊಳ್ಳುವವರು ವಿವರ ಕೇಳುತ್ತಿದ್ದಾರೆ. ತೋಟದ ಅಕ್ಷಾಂಶ, ರೇಖಾಂಶ ದಶಮಾಂಶದ ನಂತರ ಆರು ಅಂಕಿಯವರೆಗೆ ಇರಬೇಕು. 4 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದ ಹೆಚ್ಚುಕಡಿಮೆ 10 ಎಕರೆಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯನ್ನೇ ಕೊಡಬೇಕು.

ತೋಟಗಳ ರೈಟರ್‌ಗಳು ಮೊಬೈಲಿನಲ್ಲಿ ಗುರುತು ಮಾಡಿ ಕಳಿಸಿದರು. ಮೊದಲ ತೋಟವನ್ನು ಮ್ಯಾಪಿಗೆ ಹಾಕಿ ನೋಡಿದೆವು. ನಾರ್ವೆಗಿಂತ ಉತ್ತರಕ್ಕೆ, ಹಿಮದ ಸಮುದ್ರದ ನಡುವೆ ಒಂದು ಚುಕ್ಕಿ ಕಂಡಿತು.

ಕಾರಣ ಇಷ್ಟೇ. ಚಿಕ್ಕಮಗಳೂರು ಇರುವುದು ಸುಮಾರು 13.3 ಅಕ್ಷಾಂಶ, 75.8 ರೇಖಾಂಶದಲ್ಲಿ. ಮೊಬೈಲಿನ ಮ್ಯಾಪ್ ಮೊದಲು ಅಕ್ಷಾಂಶ ಹೇಳುತ್ತದೆ, ಆಮೇಲೆ ರೇಖಾಂಶ. ನಾವೂ ಶಾಲೆಯಲ್ಲಿ ಹಾಗೇ ಕಲಿತದ್ದು. ಆದರೆ ಯುರೋಪಿನವರು ಕೇಳುವ, ಜಾಗದ ಗುರುತು ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು. ಎರಡು ಅಂಕಿ ಅದಲುಬದಲಾದರೆ ಮೂಡಿಗೆರೆಯ ತೋಟ ಆರ್ಕ್ಟಿಕ್‌ಗೆ ಹೋಗುತ್ತದೆ. ಇದು ಕೂಡ ‘ಚೀಲ’ದ ಕಥೆಯೇ: ಸಂಖ್ಯೆ ಸರಿ, ಹೇಳುವವರ ಮತ್ತು ಕೇಳುವವರ ಕ್ರಮ ಬೇರೆ. ಈ ಸಲ ನಾವು ಗಾಬರಿಯಾಗಲಿಲ್ಲ. ಹಾಳೆಗೆ ಎರಡು ಸಾಲು ಸೇರಿಸಿದೆವು. ಬರುವ ಪ್ರತಿ ಗುರುತೂ ಕರ್ನಾಟಕದ ಒಳಗೆ ಬೀಳುತ್ತದೆಯೇ ಅಂತ ನಡುವಿನ ಪ್ರೋಗ್ರಾಮ್ ನೋಡುತ್ತದೆ. ಬೀಳದಿದ್ದರೆ ತಾನೇ ತಿದ್ದುವುದಿಲ್ಲ, ಗುಮಾಸ್ತರ ಪರದೆಗೆ ಕಳಿಸುತ್ತದೆ. ಅವರು ರೈಟರ್‌ಗೆ ಫೋನ್ ಮಾಡಿ ಕೇಳುತ್ತಾರೆ.

ಹೌದು, ಅದೇ ಗುಮಾಸ್ತರು. ನಾಲ್ಕು ಸಲ ಟೈಪ್ ಮಾಡುವ ಕೆಲಸ ಹೋದ ಮೇಲೆ ಅವರ ಕೆಲಸ ಇದು. ಪ್ರೋಗ್ರಾಮಿಗೆ ಅನುಮಾನ ಬಂದ ಸಾಲುಗಳನ್ನು ನೋಡುವುದು. ಹಾಳೆಯನ್ನು ಕಾಯುವವರೂ ಅವರೇ. ಹೊಸ ಮಾತು ಸೇರಬೇಕಾದರೆ ಅವರ ಸಹಿ ಬೇಕು.

ಎಲ್ಲವೂ ಬಗೆಹರಿದಿದೆ ಅಂತ ಹೇಳಲಾರೆ. ಔಟ್‌ಟರ್ನ್ ಇನ್ನೂ ಗೊಂದಲದಲ್ಲೇ ಇದೆ. ರೋಬಸ್ಟಾ ಚೆರಿಯ ಬೆಲೆ ಕಟ್ಟುವುದು ಔಟ್‌ಟರ್ನ್ ಮೇಲೆ, ಅಂದರೆ 50 ಕಿಲೋ ಚೆರಿಯಿಂದ ಎಷ್ಟು ಕಿಲೋ ಬೇಳೆ (ಸಿಪ್ಪೆ ತೆಗೆದ ಕಾಫಿ ಬೀಜ) ಸಿಗುತ್ತದೆ ಅನ್ನುವುದರ ಮೇಲೆ. ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆದು ನೋಡಿದ್ದು ಒಂದು, ಪೂರ್ತಿ ಲಾಟ್ ಮಿಷನ್ನಿಗೆ ಹೋಗಿ ಬಂದ ಮೇಲೆ ಸಿಕ್ಕಿದ್ದು ಇನ್ನೊಂದು. ಎರಡಕ್ಕೂ ಬೇರೆ ಕಾಲಂ ಕೊಟ್ಟಿದ್ದೇವೆ. ಲೆಕ್ಕಕ್ಕೆ ಯಾವುದು ಅನ್ನುವುದು ಬೆಳೆಗಾರರೂ ವರ್ಕ್ಸ್‌ನವರೂ ಕೂತು ಮಾತಾಡಿ ತೀರ್ಮಾನಿಸಬೇಕಾದ ವಿಷಯ. ಅದನ್ನು ಪ್ರೋಗ್ರಾಮಿನೊಳಗೆ ಸದ್ದಿಲ್ಲದೆ ತೀರ್ಮಾನಿಸಿಬಿಡುವುದು ನ್ಯಾಯವಲ್ಲ.

ಮೂಡಿಗೆರೆಯ ಆ ಹಿರಿಯರು ಏಪ್ರಿಲ್‌ನಲ್ಲಿ ಉಳಿದ ಚೆರಿ ಕಳಿಸಿದರು. ಅವರಿಗೆ ಹೋದ ಮೆಸೇಜ್ ಹೀಗಿತ್ತು: ‘ರೋಬಸ್ಟಾ ಚೆರಿ, ಕ್ಯೂರಿಂಗ್‌ಗೆ ಮುಂಚೆ. ಗೋಣಿ ಕಳೆದು 2,450 ಕಿಲೋ. 50 ಕಿಲೋ ಲೆಕ್ಕದಲ್ಲಿ 49 ಚೀಲ. ಇಳಿಸಿದ ಗೋಣಿ 48.’ ಅವರು ಫೋನ್ ಮಾಡಿದರು. ಮೆಸೇಜಿನ ಬಗ್ಗೆ ಏನೂ ಕೇಳಲಿಲ್ಲ. ಖಾಲಿ ಗೋಣಿ ಯಾವಾಗ ವಾಪಸ್ ಕೊಡ್ತೀರಿ ಅಂತ ಮಾತ್ರ ಕೇಳಿದರು.

ಈಗ ಸಕಲೇಶಪುರದ ಒಂದು ವರ್ಕ್ಸ್‌ನವರು ತಮ್ಮ ಸ್ಟಾಕನ್ನೂ ಇದೇ ಮಂಗಳೂರು ಆಫೀಸಿಗೆ ಜೋಡಿಸಿಕೊಡಿ ಅಂತ ಕೇಳಿದ್ದಾರೆ. ನಾವು ಮೊದಲು ಪ್ರೋಗ್ರಾಮ್ ಕಳಿಸಲಿಲ್ಲ. ಗುಮಾಸ್ತರು ನಮ್ಮ ಹಾಳೆಯಂಥದ್ದೇ ಒಂದು ಖಾಲಿ ಹಾಳೆ ಗೆರೆ ಹಾಕಿ ಬಸ್ಸಿನಲ್ಲಿ ಕಳಿಸಿದರು. ಹೋದ ವಾರ ತುಂಬಿ ವಾಪಸ್ ಬಂತು. ‘ತೂಕ’ ಅನ್ನುವ ಮಾತಿನ ಮುಂದೆ ಅವರ ಗೇಟಿನವರು ಬರೆದಿದ್ದರು: ‘ಗೋಣಿ ಸೇರಿ.’ ಸೋಮವಾರ ಗುಮಾಸ್ತರೂ ನಾನೂ ಸಕಲೇಶಪುರಕ್ಕೆ ಹೊರಟಿದ್ದೇವೆ.